ನೇತ್ರೋತ್ಪಾಟನದ ಚರಿತ್ರೆ

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂಬುದು ಲೋಕರೂಢಿಯಾದ ಮಾತು. ಅಕ್ಕರೆಯ ಮಗುವನ್ನು ಕಣ್ಮಣಿಯೆಂದೂ, ಎಚ್ಚರದ ಕಾವಲನ್ನು ಕಣ್ಣಿನಲ್ಲಿ ಕಣ್ಣಿಟ್ಟು ಕಾಯುವುದೆಂದೂ ಹೇಳುವ ಜನಕ್ಕೆ, ಆ ಅಂಗವನ್ನು ದೇಹದಿಂದ ಬೇರ್ಪಡಿಸುವ ಮಾತೆತ್ತಿದರೆ ಮೈ ನಡುಗುವುದು ಸಹಜವಾಗಿದೆ. ಕಥೆ ಪುರಾಣಗಳಲ್ಲಿ ಕಣ್ಣು ಕೀಳುವ ಪ್ರಸಂಗಗಳು ಬಂದಾಗ ಅವು ಪ್ರಾಯಶಃ ಎರಡೇ ಬಗೆಯವಾಗಿರುತ್ತವೆ. ಒಂದು, ಭಕ್ತಿಯ ಪರಾಕಾಷ್ಠೆ. ಶಿವಲಿಂಗದ ಒಂದು ಕಣ್ಣಿನಲ್ಲಿ ನೆತ್ತರು ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಇಟ್ಟ, ಇನ್ನೊಂದರಲ್ಲಿಯೂ ನೆತ್ತರು ಕಾಣಿಸಿಕೊಳ್ಳಲು ತನಗೆ ಉಳಿದುದನ್ನೂ ಕೀಳಲು ಮುಂದಾದ ಬೇಡರ ಕಣ್ಣಪ್ಪನ ಕಥೆಯನ್ನು ಕನ್ನಡನಾಡಿನಲ್ಲಿ ಕೇಳದವರು ವಿರಳ. ಎರಡು, ದ್ವೇಷದ ಪರಾಕಾಷ್ಠೆ. ಮಲತಾಯಿಯ ಕುಟಿಲದಿಂದ ಕಣ್ಣುಗಳನ್ನು ಕಳೆದುಕೊಂಡ ಅಶೋಕಪುತ್ರ ಕುಣಾಲನ ಕಥೆ ಬೌದ್ಧಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಕಾಣಿಕೆಯೂ ಅಲ್ಲದ, ದಂಡನೆಯೂ ಅಲ್ಲದ ಮೂರನೆಯ ಬಗೆಯೊಂದುಂಟು. ಅದು ವೈದ್ಯನು ರೋಗಿಯ ಹಿತಕ್ಕಾಗಿಯೇ ಕಣ್ಣನ್ನು ತೆಗೆಯುವುದು. ಪಾಶ್ಚಾತ್ಯರು ಎನ್ಯೂಕ್ಲಿಯೇಷನ್ ಎಂದು ಕರೆಯುವ ಈ ಶಸ್ತ್ರಕ್ರಿಯೆಗೆ ನೇತ್ರೋತ್ಪಾಟನವೆಂಬ ಹೆಸರು ಒಪ್ಪುತ್ತದೆ. ನೋಡಲು ಕ್ರೌರ್ಯದಂತಿರುವ ಈ ಕಾರ್ಯವು ದೃಷ್ಟಿಯ ರಕ್ಷಣೆಗೆ ಉಪಾಯವಾಗಿ ಪರಿಣಮಿಸಿದ ಬಗೆಯೇ ಇದರ ಚರಿತ್ರೆಯ ಸಾರವಾಗಿದೆ.

ಕಣ್ಣಿನ ಮೇಲೆ ಶಸ್ತ್ರ ಹಿಡಿಯುವುದು ಬಹು ಪ್ರಾಚೀನವಾದ ವಿದ್ಯೆ. ಕ್ರಿಸ್ತಪೂರ್ವ ೧೮ನೆಯ ಶತಮಾನದ ಬಾಬಿಲೋನಿಯದ ಅರಸನಾದ ಹಮ್ಮುರಾಬಿಯ ಶಾಸನದಲ್ಲಿ, ಮೇಲುವರ್ಗದವನ ಕಣ್ಣನ್ನು ಕಂಚಿನ ಶಸ್ತ್ರದಿಂದ ಗುಣಪಡಿಸಿದ ವೈದ್ಯನಿಗೆ ಹತ್ತು ಶೆಕೆಲ್ ಬೆಳ್ಳಿಯನ್ನು ಕೊಡಬೇಕೆಂದೂ, ಕಣ್ಣು ಕೆಟ್ಟುಹೋದ ಪಕ್ಷದಲ್ಲಿ ಆ ವೈದ್ಯನ ಕೈಗಳನ್ನು ಕತ್ತರಿಸತಕ್ಕದ್ದೆಂದೂ ವಿಧಿಸಿದೆ. ಭಾರತದಲ್ಲಿ ಸುಶ್ರುತಸಂಹಿತೆಯ ಉತ್ತರತಂತ್ರವು ೭೬ ನೇತ್ರರೋಗಗಳನ್ನು ಎಣಿಸಿ, ಅವುಗಳಲ್ಲಿ ಎರಡನ್ನು ಹೊರಗಿನ ಕಾರಣದಿಂದ ಬರತಕ್ಕವುಗಳೆಂದು ಬೇರೆಮಾಡಿ ಹೇಳುತ್ತದೆ. ಕಣ್ಣಿನ ಪೊರೆಯನ್ನು ಶಲಾಕೆಯಿಂದ ಸರಿಸಿ ಬೆಳಕಿಗೆ ದಾರಿಮಾಡುವ ಕ್ರಮವನ್ನೂ ವಿವರಿಸುತ್ತದೆ. ಆದರೆ ಇವೆಲ್ಲವೂ ಇದ್ದ ಕಣ್ಣಿನಲ್ಲಿಯೇ ದೃಷ್ಟಿಯನ್ನು ಮರಳಿ ಪಡೆಯುವ ಯತ್ನಗಳು. ಕಣ್ಣನ್ನೇ ಹೊರತೆಗೆಯುವುದು ಇವುಗಳಿಗೆ ಕೇವಲ ವಿರುದ್ಧವಾದ ಕಾರ್ಯ. ಅದನ್ನು ಕೈಕೊಳ್ಳಬೇಕಾದರೆ ವೈದ್ಯನಿಗೆ ಅಂಗರಚನೆಯ ಜ್ಞಾನವೊಂದೇ ಸಾಲದು. ಇದರಿಂದ ಏನು ಉಳಿಯುವುದೆಂಬ ನಿಶ್ಚಯವೂ ಬೇಕು.

ಆ ನಿಶ್ಚಯವಿಲ್ಲದ ಕಾಲದ ಚಿತ್ರವನ್ನು ನೋಡಬೇಕೆನ್ನುವವರು ಜರ್ಮನಿಯ ಜಾರ್ಜ್ ಬಾರ್ಟಿಷ್ ಎಂಬಾತನ ಗ್ರಂಥವನ್ನು ನೋಡಬೇಕು. ಈತನು ೧೫೩೫ರಲ್ಲಿ ಹುಟ್ಟಿದವನು. ವಿಶ್ವವಿದ್ಯಾಲಯದ ಪಂಡಿತನಲ್ಲ, ಕ್ಷೌರಿಕವೈದ್ಯರ ಪರಂಪರೆಯಲ್ಲಿ ಕೆಲಸ ಕಲಿತು ಊರೂರು ತಿರುಗಿ ಅನುಭವ ಪಡೆದವನು. ೧೫೮೩ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಆತನು ಪ್ರಕಟಿಸಿದ ನೇತ್ರವೈದ್ಯಗ್ರಂಥವು ಪಂಡಿತರ ಲ್ಯಾಟಿನ್ ಭಾಷೆಯಲ್ಲಿರದೆ ಜನರ ಜರ್ಮನ್ ಭಾಷೆಯಲ್ಲಿದ್ದು, ಮರದ ಅಚ್ಚಿನ ಅನೇಕ ಚಿತ್ರಗಳಿಂದ ಕೂಡಿತ್ತು. ಗುಡ್ಡೆಯು ಊದಿ ರೆಪ್ಪೆಗಳಿಂದ ಹೊರಕ್ಕೆ ತೂಗಿಬಿದ್ದ ಕಣ್ಣನ್ನು ತೆಗೆಯುವ ಕ್ರಮವನ್ನು ಆತನು ಅದರಲ್ಲಿ ಹೇಳಿದ್ದಾನೆ. ದಾರವನ್ನು ಕಣ್ಣಿನೊಳಗೆ ಪೋಣಿಸಿ ಮುಂದಕ್ಕೆಳೆದು, ಹರಿತವಾದ ಬಾಗಿದ ಶಸ್ತ್ರದಿಂದ ಸುತ್ತಲೂ ಕೊಯ್ದು ತೆಗೆಯುವುದೇ ಆ ಕ್ರಮ. ನೋವನ್ನು ಮರೆಸುವ ಸಾಧನ ಆಗ ಇರಲಿಲ್ಲ. ರೋಗಿಯನ್ನು ಕಟ್ಟಿ ಕೂಡಿಸಬೇಕಾಗಿತ್ತು. ಕಣ್ಣಿನೊಡನೆ ಸುತ್ತಲಿನ ಮಾಂಸವೂ ಹೋಗುತ್ತಿತ್ತು, ರಕ್ತಸ್ರಾವ ವಿಪರೀತವಾಗುತ್ತಿತ್ತು. ಆದುದರಿಂದ ಮುಖವೇ ವಿಕಾರಗೊಂಡು ಬದುಕು ದುಸ್ಸಹವಾದವರು ಮಾತ್ರ ಇದಕ್ಕೆ ಮೈಯೊಡ್ಡುತ್ತಿದ್ದರು. ಇದು ಕೊನೆಯ ಗತಿಯೇ ಹೊರತು ಚಿಕಿತ್ಸೆಯೆನ್ನುವಂತಿರಲಿಲ್ಲ. ಮುಂದಿನ ಎರಡೂವರೆ ಶತಮಾನಗಳಲ್ಲಿ ಈ ಸ್ಥಿತಿ ಹೆಚ್ಚಾಗಿ ಬದಲಾಗಲಿಲ್ಲ.

ಬದಲಾವಣೆಯ ಮೊದಲ ಸೂಚನೆ ೧೮೦೯ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನಿಂದ ಬಂದಿತು. ಎಳೆಯ ಮಕ್ಕಳ ಕಣ್ಣಿನಲ್ಲಿ ಹುಟ್ಟುವ ಒಂದು ದುರ್ಮಾಂಸದ ಗೆಡ್ಡೆಯನ್ನು ಕುರಿತು ಜೇಮ್ಸ್ ವಾರ್ಡ್ರಾಪ್ ಎಂಬ ಶಸ್ತ್ರವೈದ್ಯನು ಆ ವರ್ಷ ಒಂದು ಗ್ರಂಥವನ್ನು ಬರೆದನು. ಮಗುವಿನ ಕಣ್ಣಿನ ಪಾಪೆಯು ಕಪ್ಪಾಗಿರದೆ ಬೆಳ್ಳಗೆ ಹೊಳೆಯುವುದು ಇದರ ಮೊದಲ ಚಿಹ್ನೆ. ತೀರಿಹೋದ ಮಕ್ಕಳ ಕಣ್ಣುಗಳನ್ನು ಛೇದಿಸಿ ಪರೀಕ್ಷಿಸಿದ ವಾರ್ಡ್ರಾಪನು, ಈ ಗೆಡ್ಡೆಯು ಕಣ್ಣಿನ ಹಿಂಭಾಗದ ಅಕ್ಷಿಪಟದಲ್ಲಿ ಹುಟ್ಟಿ, ದೃಷ್ಟಿಯ ನರದ ಮೂಲಕ ಮಿದುಳಿನ ಕಡೆಗೆ ಸಾಗುವುದೆಂದು ಕಂಡುಕೊಂಡನು. ರೋಗವು ಕಣ್ಣಿನೊಳಗೇ ಇರುವಾಗ ಆ ಕಣ್ಣನ್ನು ತೆಗೆದುಬಿಟ್ಟರೆ ಮಗು ಬದುಕಬಹುದೆಂಬುದು ಆತನ ಸಿದ್ಧಾಂತ. ಆ ಕಾಲದಲ್ಲಿ ಇಂಥ ಮಕ್ಕಳು ವೈದ್ಯನ ಬಳಿಗೆ ಬರುವಷ್ಟರಲ್ಲಿ ಕಾಲ ಮಿಂಚಿರುತ್ತಿದ್ದುದರಿಂದ ಶಸ್ತ್ರಕ್ರಿಯೆಯಾದರೂ ಮಕ್ಕಳು ಉಳಿಯುತ್ತಿದ್ದುದು ವಿರಳ. ಆದಕಾರಣ ಸಮಕಾಲೀನರು ಆತನ ಮಾತನ್ನು ನಂಬಲಿಲ್ಲ. ಆದರೂ ವಿಚಾರದ ದಿಕ್ಕು ಬದಲಾಯಿತು. ಕಣ್ಣನ್ನು ತೆಗೆಯುವುದು ಹಾಳಾದುದನ್ನು ಎಸೆಯುವುದಕ್ಕಲ್ಲ, ಉಳಿಯತಕ್ಕುದನ್ನು ಉಳಿಸುವುದಕ್ಕೆ ಎಂಬ ಮಾತು ಶಾಸ್ತ್ರಗ್ರಂಥದಲ್ಲಿ ಸೇರಿತು.

ಅದೇ ೧೮೦೯ನೆಯ ವರ್ಷದ ಜನವರಿ ೪ನೆಯ ದಿನ ಫ್ರಾನ್ಸ್ ದೇಶದಲ್ಲಿ, ಪ್ಯಾರಿಸ್ ನಗರಕ್ಕೆ ಪೂರ್ವದಲ್ಲಿರುವ ಕೂವ್ರೇ ಎಂಬ ಹಳ್ಳಿಯಲ್ಲಿ, ಕುದುರೆಯ ಜೀನು ಮತ್ತು ಪಟ್ಟಿಗಳನ್ನು ಹೊಲಿಯುವವನೊಬ್ಬನ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಲೂಯಿ ಬ್ರೈಲ್ ಎಂಬುದು ಅದರ ಹೆಸರು. ಮೂರು ವರ್ಷದ ಹುಡುಗನು ೧೮೧೨ರಲ್ಲಿ ತಂದೆಯ ಕೆಲಸದ ಕೊಟ್ಟಿಗೆಯಲ್ಲಿ ಚರ್ಮವನ್ನು ತೂತುಮಾಡುವ ದಬ್ಬಳವನ್ನು ಹಿಡಿದು ಆಡುತ್ತಿರುವಾಗ ಅದು ಜಾರಿ ಒಂದು ಕಣ್ಣನ್ನು ಚುಚ್ಚಿತು. ಗಾಯವಾದ ಕಣ್ಣು ಕೆಂಪೇರಿ ಕೀತುಕೊಂಡು ಕೆಟ್ಟುಹೋಯಿತು. ಇಷ್ಟೇ ಆಗಿದ್ದರೆ ಹುಡುಗನು ಒಕ್ಕಣ್ಣನಾಗಿ ತಂದೆಯ ಕಸುಬನ್ನೇ ಮುಂದುವರಿಸಿಕೊಂಡು ಹೋಗಬಹುದಾಗಿತ್ತು. ಆದರೆ ಏನೂ ಪೆಟ್ಟುಬೀಳದ ಇನ್ನೊಂದು ಕಣ್ಣೂ ಕ್ರಮೇಣ ಕೆಂಪಾಗಿ, ಮಂದವಾಗಿ, ಹುಡುಗನಿಗೆ ಐದು ವರ್ಷ ತುಂಬುವ ವೇಳೆಗೆ ಪೂರ್ತಿಯಾಗಿ ನಂದಿಹೋಯಿತು. ಒಂದು ಕಣ್ಣಿಗೆ ತಗಲಿದ ಪೆಟ್ಟು ಎರಡನ್ನೂ ತೆಗೆದುಕೊಂಡಿತು.

ಬ್ರೈಲನ ಕುರುಡಿಗೆ ಕಾರಣವಾದ ಈ ರೋಗವನ್ನು ಇಂದಿನ ವೈದ್ಯರು ಸಾಮಾನ್ಯವಾಗಿ ಸಿಂಪಥೆಟಿಕ್ ಆಫ್ತಾಲ್ಮಿಯ ಎಂದು ಗುರುತಿಸುತ್ತಾರೆ. ಒಂದರ ವ್ಯಥೆಯಿಂದ ಮತ್ತೊಂದು ವ್ಯಥೆಪಡುವುದೆಂಬುದು ಆ ಹೆಸರಿನ ಭಾವ. ಸಹವೇದನೆಯ ನೇತ್ರಶೋಥವೆಂದು ಇದನ್ನು ಕನ್ನಡದಲ್ಲಿ ಹೇಳಬಹುದು. ಚೂಪಾದ ವಸ್ತುವಿನಿಂದ ಕಣ್ಣಿನ ಗೋಡೆಯು ತೂತಾಗಿ, ಒಳಗಿನ ಕಪ್ಪು ಪದರಕ್ಕೆ ಗಾಯವಾದಾಗ ಮಾತ್ರ ಇದು ಬರತಕ್ಕದ್ದು. ಅಂಥವರಲ್ಲಿಯೂ ಕೆಲವರಿಗೆ ಮಾತ್ರ ಬರತಕ್ಕದ್ದು. ಆದರೆ ಬಂದಾಗ ಅದರ ರೀತಿ ಭಯಂಕರ. ಗಾಯವು ಮಾಯ್ದಂತೆ ಕಂಡು, ಮನೆಯವರು ಸಮಾಧಾನಗೊಂಡಿರುವಾಗ, ಎರಡು ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ, ನಿರ್ದೋಷಿಯಾದ ಕಣ್ಣು ಬೆಳಕನ್ನು ಸಹಿಸಲಾರದೆ ನೀರು ಸುರಿಸತೊಡಗುವುದು. ರೋಗ ತಗಲಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಒಂದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹತ್ತಾರು ವರ್ಷಗಳ ಅನಂತರ ಬಂದುದೂ ಉಂಟು.

ಮನುಷ್ಯರ ವೈದ್ಯರು ಇದನ್ನು ಅರಿಯುವ ಮೊದಲೇ ಕುದುರೆಗಳ ವೈದ್ಯರು ಇದಕ್ಕೆ ಹೋಲುವ ಸಂಗತಿಯೊಂದನ್ನು ಅರಿತಿದ್ದರೆಂಬುದು ಆಶ್ಚರ್ಯಕರ. ಕುದುರೆಯ ಒಂದು ಕಣ್ಣು ರೋಗದಿಂದ ಕೆಟ್ಟಾಗ, ಅದರೊಳಕ್ಕೆ ಸುಣ್ಣವನ್ನು ಹಾಕಿಯೋ ಮೊಳೆಯಿಂದ ಚುಚ್ಚಿಯೋ ಆ ಕಣ್ಣನ್ನು ಪೂರ್ತಿಯಾಗಿ ನಾಶಮಾಡಿ ಇನ್ನೊಂದನ್ನು ಉಳಿಸಿಕೊಳ್ಳುವ ರೂಢಿ ಇದ್ದಿತೆಂದು ಮೇಲೆ ಹೇಳಿದ ವಾರ್ಡ್ರಾಪನೇ ಬರೆದಿದ್ದಾನೆ. ಲಾಯದಲ್ಲಿ ಬಳಕೆಯಲ್ಲಿದ್ದ ಈ ಅನುಭವವು ಆಸ್ಪತ್ರೆಯನ್ನು ಮುಟ್ಟಲು ಬಹುಕಾಲ ಹಿಡಿಯಿತು. ಕುದುರೆಯ ಕಣ್ಣನ್ನು ಕೆಡಿಸಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಮನುಷ್ಯನ ಕಣ್ಣನ್ನು ಕೇಳುವುದಕ್ಕೆ ವೈದ್ಯನಿಗೆ ಬಾಯಿ ಬರಬೇಕಲ್ಲವೆ? ಇದಲ್ಲದೆ ಬಾರ್ಟಿಷನ ಕಾಲದ ಕೊಯ್ತದ ಕ್ರಮವೇ ಇನ್ನೂ ಉಳಿದಿದ್ದುದರಿಂದ, ಬರಬಹುದಾದ ಒಂದು ಕೇಡನ್ನು ತಪ್ಪಿಸಲು ಅಷ್ಟು ಘೋರವಾದ ಕಾರ್ಯವನ್ನು ಮಾಡಲು ಯಾವ ವಿವೇಕಿಯೂ ಮನಸ್ಸುಮಾಡುವಂತಿರಲಿಲ್ಲ.

ಆದುದರಿಂದ ಎರಡು ಕೆಲಸಗಳಾಗಬೇಕಾಗಿದ್ದವು: ರೋಗವನ್ನು ಸ್ಪಷ್ಟವಾಗಿ ಗುರುತಿಸುವುದು ಒಂದು, ಶಸ್ತ್ರಕ್ರಿಯೆಯನ್ನು ಸೌಮ್ಯಗೊಳಿಸುವುದು ಮತ್ತೊಂದು. ಮೊದಲನೆಯದನ್ನು ಮಾಡಿದವನು ಗ್ಲಾಸ್ಗೋ ನಗರದ ವಿಲಿಯಂ ಮೆಕೆಂಜಿ. ೧೮೨೪ರಲ್ಲಿ ಆ ನಗರದ ಕಣ್ಣಿನ ಆಸ್ಪತ್ರೆಯ ಸ್ಥಾಪನೆಯಲ್ಲಿ ಪಾಲುಗೊಂಡ ಈತನು ೧೮೩೦ರಲ್ಲಿ ನೇತ್ರರೋಗಗಳ ಮೇಲೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಆ ಗ್ರಂಥದಲ್ಲಿಯೂ ಅದರ ಮುಂದಿನ ಮುದ್ರಣಗಳಲ್ಲಿಯೂ ಈ ಸಹವೇದನೆಯ ರೋಗಕ್ಕೆ ಹೆಸರು, ಲಕ್ಷಣ, ಗತಿ ಇವುಗಳನ್ನು ನಿರ್ಣಯಿಸಿ, ಹಿಂದೆ ಚದುರಿದ ಅನುಭವವಾಗಿದ್ದುದನ್ನು ಶಾಸ್ತ್ರವನ್ನಾಗಿ ಮಾಡಿದನು. ಎರಡು ಕಣ್ಣುಗಳ ನರಗಳು ಮಿದುಳಿನ ಕೆಳಗೆ ಒಂದುಗೂಡುವುದರಿಂದ ಆ ಹಾದಿಯಾಗಿ ಉರಿಯು ಒಂದರಿಂದೊಂದಕ್ಕೆ ಹರಿಯುವುದೆಂದು ಆತನು ಊಹಿಸಿದನು. ಆ ಊಹೆ ಮುಂದೆ ನಿಲ್ಲಲಿಲ್ಲ. ಆದರೆ ರೋಗದ ವರ್ಣನೆ ನಿಂತಿತು.

ಎರಡನೆಯ ಕೆಲಸವು ವಿಚಿತ್ರವಾದ ದಾರಿಯಿಂದ ನೆರವೇರಿತು. ಕಣ್ಣುಗುಡ್ಡೆಯು ಎಲುಬಿನ ಕುಳಿಯಲ್ಲಿ ಬರಿದೆ ಕುಳಿತಿಲ್ಲ. ಸುಮಾರು ೨೪ ಮಿಲಿಮೀಟರು ಅಡ್ಡಳತೆಯ ಆ ಗೋಳದ ಸುತ್ತ ತೆಳುವಾದ ಒಂದು ಕೋಶವಿದ್ದು, ಗೋಳವು ಅದರಲ್ಲಿ ಬಟ್ಟಲಿನೊಳಗಿನ ಚೆಂಡಿನಂತೆ ಹೊರಳುತ್ತದೆ. ಪ್ಯಾರಿಸ್ ನಗರದ ಶಸ್ತ್ರವೈದ್ಯನಾದ ಟೆನಾನ್ ಎಂಬಾತನು ಈ ಕೋಶವನ್ನು ೧೮೦೬ರಲ್ಲಿ ವರ್ಣಿಸಿದ್ದನು. ಆದರೆ ಅದರಿಂದಾಗುವ ಪ್ರಯೋಜನವನ್ನು ಯಾರೂ ಕಂಡಿರಲಿಲ್ಲ. ೧೮೩೯ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖನು ಮೆಳ್ಳೆಗಣ್ಣನ್ನು ಸರಿಪಡಿಸಲು ಕಣ್ಣಿನ ಸ್ನಾಯುವೊಂದನ್ನು ಕತ್ತರಿಸಿ ಯಶಸ್ವಿಯಾದನು. ಒಡನೆಯೇ ಯುರೋಪಿನ ಶಸ್ತ್ರವೈದ್ಯರೆಲ್ಲ ಕಣ್ಣಿನ ಸ್ನಾಯುಗಳ ಕಡೆಗೆ ತಿರುಗಿದರು. ಈ ಅಭ್ಯಾಸದಿಂದ ೧೮೪೧ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಅಮೆದೆ ಬೊನೆ ಎಂಬಾತನಿಗೂ, ಆತನ ಪರಿಚಯವಿಲ್ಲದೆಯೇ ಐರ್ಲೆಂಡಿನ ಡಬ್ಲಿನ್ ನಗರದ ಓಫೆರಾಲ್ ಎಂಬಾತನಿಗೂ ಒಂದೇ ವಿಚಾರ ಹೊಳೆಯಿತು. ಕಣ್ಣನ್ನು ಸುತ್ತಲಿನ ಮಾಂಸದೊಡನೆ ಕೊಯ್ಯಬೇಕಾಗಿಲ್ಲ. ಮೇಲಿನ ತೆಳುಚರ್ಮವನ್ನು ಬಿಡಿಸಿ, ಗೋಳವನ್ನು ಹಿಡಿದಿರುವ ಆರು ಸ್ನಾಯುಗಳನ್ನು ಅವು ಅಂಟಿರುವ ಸ್ಥಳದಲ್ಲಿಯೇ ಒಂದೊಂದಾಗಿ ಕತ್ತರಿಸಿ, ಕೊನೆಗೆ ಹಿಂದಿನ ದೃಷ್ಟಿನರವನ್ನು ಕತ್ತರಿಸಿದರೆ ಕೋಶವು ಹಾಗೆಯೇ ಉಳಿದು ಗೋಳವು ಮಾತ್ರ ಹೊರಬರುವುದು. ಹಲಸಿನ ತೊಳೆಯೊಳಗಿನ ಬೀಜವನ್ನು ಬಿಡಿಸಿದಂತೆ ಇದು. ಎನ್ಯೂಕ್ಲಿಯೇಷನ್ ಎಂಬ ಲ್ಯಾಟಿನ್ ಮೂಲದ ಶಬ್ದಕ್ಕೂ ತಿರುಳನ್ನು ಬಿಡಿಸುವುದೆಂದೇ ಅರ್ಥ. ಬೊನೆಯ ಕ್ರಮದಂತೆ ೧೮೪೨ರಲ್ಲಿ ಸ್ಟ್ರಾಸ್‌ಬರ್ಗಿನ ಸ್ಟೋಬರನು ಶಸ್ತ್ರಕ್ರಿಯೆಯನ್ನು ನಡೆಸಿದನು. ಇದರಿಂದ ರಕ್ತಸ್ರಾವ ಕಡಿಮೆಯಾಯಿತು, ಗಾಯವು ಬೇಗ ಮಾಯಿತು, ಕುಳಿಯು ವಿಕಾರವಾಗದೆ ಉಳಿಯಿತು.

ಇಷ್ಟರಲ್ಲಿಯೇ ನೋವಿನ ಭೀತಿಯೂ ನೀಗಿತು. ೧೮೪೬ನೆಯ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರಿನ ಪ್ರಯೋಗ ಬಹಿರಂಗವಾಗಿ ನಡೆಯಿತು. ೧೮೪೭ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ನನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ರೋಗದ ಜ್ಞಾನ, ಸೌಮ್ಯವಾದ ಕ್ರಮ, ನಿದ್ರೆಯ ಔಷಧ ಈ ಮೂರೂ ಕೂಡಿ ಬಂದ ಮೇಲೆ, ೧೮೫೧ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆಗಸ್ಟಿನ್ ಪ್ರಿಚರ್ಡ್ ಎಂಬ ವೈದ್ಯನು, ಇನ್ನೊಂದು ಕಣ್ಣನ್ನು ಸಹವೇದನೆಯಿಂದ ಉಳಿಸುವುದಕ್ಕಾಗಿಯೇ ಗಾಯಗೊಂಡ ಕಣ್ಣನ್ನು ತೆಗೆದನು. ಕುದುರೆಯ ಲಾಯದ ಅನುಭವವು ಕೊನೆಗೂ ಮನುಷ್ಯರ ಆಸ್ಪತ್ರೆಯನ್ನು ಹೊಕ್ಕಿತು. ಆ ಮುಂದಿನ ಜನವರಿ ೬ರಂದು, ಎಂದರೆ ೧೮೫೨ರಲ್ಲಿ, ಲೂಯಿ ಬ್ರೈಲನು ಪ್ಯಾರಿಸ್ ನಗರದಲ್ಲಿ ೪೩ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನ ಒಂದು ಕಣ್ಣನ್ನು ಉಳಿಸಬಹುದಾಗಿದ್ದ ವಿದ್ಯೆಯು ಲೋಕಕ್ಕೆ ದೊರೆಯುವಷ್ಟರಲ್ಲಿ ಆತನ ಆಯುಸ್ಸೇ ಮುಗಿದಿತ್ತು.

ವಿದ್ಯೆ ದೊರೆತುದರಿಂದ ಕಷ್ಟವು ತೀರಿತೆಂದು ತಿಳಿಯಬಾರದು. ಒಂದು ಬಗೆಯ ಕಷ್ಟ ಅಲ್ಲಿಂದಲೇ ಮೊದಲಾಯಿತು. ಸಹವೇದನೆಯ ರೋಗವು ತೋರುವುದಕ್ಕೆ ಮುಂಚೆ, ಸಾಮಾನ್ಯವಾಗಿ ಗಾಯವಾದ ಎರಡು ವಾರಗಳೊಳಗೆ, ಕಣ್ಣನ್ನು ತೆಗೆದರೆ ಮಾತ್ರ ಎರಡನೆಯದಕ್ಕೆ ರಕ್ಷಣೆಯುಂಟು. ರೋಗವು ಒಮ್ಮೆ ಹೊತ್ತಿದ ಮೇಲೆ ತೆಗೆಯುವುದರಿಂದ ಆಗುವ ಪ್ರಯೋಜನ ಸಂದೇಹಾಸ್ಪದ. ಆದುದರಿಂದ ವೈದ್ಯನು ಇನ್ನೂ ಸ್ವಲ್ಪ ಬೆಳಕು ಕಾಣುತ್ತಿರುವ ಕಣ್ಣನ್ನು, ಇನ್ನೂ ಬಾರದಿರುವ, ಬಹುಶಃ ಬಾರದೆಯೇ ಹೋಗಬಹುದಾದ ಕೇಡಿಗಾಗಿ ಕೇಳಬೇಕಾಯಿತು. ತಾಯಿತಂದೆಗಳು ಹದಿನಾಲ್ಕು ದಿನಗಳೊಳಗೆ ಉತ್ತರ ಹೇಳಬೇಕಾಯಿತು. ಕೊಡದೆ ಇದ್ದು ರೋಗ ಬಂದರೆ ಎರಡೂ ಹೋಗುವುದು. ಕೊಟ್ಟರೆ, ರೋಗವು ಬರುತ್ತಿತ್ತೋ ಇಲ್ಲವೋ ಎಂಬುದು ಎಂದಿಗೂ ತಿಳಿಯದೆ ಹೋಗುವುದು. ರೋಗ ಹೊತ್ತಿದ ಬಳಿಕ ಕೆಲವೊಮ್ಮೆ ಗಾಯಗೊಂಡ ಕಣ್ಣೇ ಎರಡರಲ್ಲಿ ಮೇಲಾಗಿ ಉಳಿದು ಅದರಿಂದಲೇ ರೋಗಿಯು ಬಾಳಬೇಕಾಗಿ ಬರುವುದುಂಟು. ಶಾಸ್ತ್ರವು ಸಂಭವವನ್ನು ಹೇಳಬಲ್ಲುದಲ್ಲದೆ ಒಬ್ಬ ವ್ಯಕ್ತಿಯ ಹಣೆಬರಹವನ್ನು ಹೇಳಲಾರದು. ಈ ಸಂಕಟವನ್ನು ಯಾವ ಹೊಸ ಶಸ್ತ್ರವೂ ಪೂರ್ತಿಯಾಗಿ ನೀಗಿಲ್ಲ.

ತಡಮಾಡಿದುದರ ಫಲಕ್ಕೆ ಅಮೆರಿಕದ ಪ್ರಸಿದ್ಧ ವಿನೋದಲೇಖಕನಾದ ಜೇಮ್ಸ್ ಥರ್ಬರನ ಬಾಳು ಉದಾಹರಣೆಯಾಗಿದೆ. ೧೯೦೧ರಲ್ಲಿ, ಆರು ವರ್ಷದ ಬಾಲಕನಾಗಿದ್ದಾಗ, ಅಣ್ಣನೊಡನೆ ಬಿಲ್ಲುಬಾಣದ ಆಟವಾಡುತ್ತಿರುವಲ್ಲಿ ಬಾಣವೊಂದು ಆತನ ಎಡಗಣ್ಣಿಗೆ ತಗಲಿತು. ಪ್ರಿಚರ್ಡನ ಶಸ್ತ್ರಕ್ರಿಯೆ ನಡೆದು ಆಗಲೇ ಐವತ್ತು ವರ್ಷಗಳಾಗಿದ್ದರೂ ಆ ಕಣ್ಣನ್ನು ಕೂಡಲೇ ತೆಗೆಯಲಿಲ್ಲ. ತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಬಲಗಣ್ಣು ದಶಕಗಳ ಕಾಲ ಒಂದಿಷ್ಟು ಬೆಳಕನ್ನು ಕೊಟ್ಟು, ೧೯೪೦ರ ಸುಮಾರಿಗೆ ಬಹುಮಟ್ಟಿಗೆ ಆರಿಹೋಯಿತು. ಲೋಕವನ್ನು ನಗಿಸುವ ಚಿತ್ರಗಳನ್ನು ಬರೆಯುತ್ತಿದ್ದ ಆತನು ತನ್ನ ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಕತ್ತಲೆಯಲ್ಲಿ ಕಳೆದನು.

ಕಾಲಕ್ರಮದಲ್ಲಿ ಈ ಶಸ್ತ್ರಕ್ರಿಯೆಯಲ್ಲಿ ಮೂರು ಭೇದಗಳು ನೆಲೆಗೊಂಡುವು. ಗೋಳದ ಬಿಳಿಯ ಗೋಡೆಯನ್ನು ಉಳಿಸಿ ಒಳಗಿನ ಪದಾರ್ಥವನ್ನು ಮಾತ್ರ ಬರಿದುಮಾಡುವುದು ಒಂದು. ಗೋಳವನ್ನು ಪೂರ್ತಿಯಾಗಿ ತೆಗೆಯುವ ನೇತ್ರೋತ್ಪಾಟನ ಎರಡನೆಯದು. ಅರ್ಬುದವು ಹೊರಗೆ ಹಬ್ಬಿದಾಗ ಕುಳಿಯೊಳಗಿನ ಮಾಂಸವನ್ನೂ ಸೇರಿಸಿ ತೆಗೆಯುವುದು ಮೂರನೆಯದು. ೧೮೮೪ರಲ್ಲಿ ಕಾರ್ಲ್ ಕೋಲರನು ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ ಮೇಲೆ ನೇತ್ರವೈದ್ಯವೇ ಹೊಸ ಹಾದಿಯನ್ನು ಹಿಡಿಯಿತು. ವಾರ್ಡ್ರಾಪನ ಮಾತಿಗೂ ಬೆಲೆ ಬಂದಿತು. ೧೮೫೧ರಲ್ಲಿ ಹೆಲ್ಮ್‌ಹೋಲ್ಟ್ಸನು ಕಣ್ಣಿನ ಒಳಗನ್ನು ನೋಡುವ ಯಂತ್ರವನ್ನು ನಿರ್ಮಿಸಿದುದರಿಂದ ಮಕ್ಕಳ ಗೆಡ್ಡೆಯನ್ನು ಮೊದಲ ಹಂತದಲ್ಲಿಯೇ ಕಾಣುವುದು ಸಾಧ್ಯವಾಯಿತು. ಕಣ್ಣಿನೊಡನೆ ದೃಷ್ಟಿನರವನ್ನು ಆದಷ್ಟು ಉದ್ದವಾಗಿ ಕತ್ತರಿಸಿ ತೆಗೆಯಬೇಕೆಂದು ಬರ್ಲಿನ್ನಿನ ಗ್ರೇಫೆ ಎಂಬ ಮಹಾವೈದ್ಯನು ಬೋಧಿಸಿದನು. ಹಿಂದೆ ಸಾವು ನಿಶ್ಚಿತವಾಗಿದ್ದ ರೋಗದಿಂದ ಮಕ್ಕಳು ಬದುಕಿ ಬೆಳೆಯತೊಡಗಿದರು.

ಬದುಕಿದವರ ಮುಖಕ್ಕೆ ಮಾನವನ್ನು ಕೊಡುವುದೂ ವೈದ್ಯರ ಹೊಣೆಯಾಯಿತು. ಕೃತಕ ಕಣ್ಣುಗಳನ್ನು ೧೬ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಆಂಬ್ರಾಸ್ ಪಾರೇ ವರ್ಣಿಸಿದ್ದನು. ಜರ್ಮನಿಯ ಲೌಷಾ ಎಂಬ ಗಾಜಿನ ಕಸಬಿನ ಊರಿನಲ್ಲಿ, ಗೊಂಬೆಗಳಿಗೆ ಕಣ್ಣು ಮಾಡುತ್ತಿದ್ದ ಲುಡ್ವಿಗ್ ಮ್ಯೂಲರ್-ಊರಿ ಎಂಬವನು ೧೮೩೫ರಿಂದ ಮನುಷ್ಯರಿಗೂ ಗಾಜಿನ ಕಣ್ಣುಗಳನ್ನು ಮಾಡತೊಡಗಿದನು. ಆ ಊರು ಲೋಕಕ್ಕೆಲ್ಲ ಕಣ್ಣುಗಳನ್ನು ಒದಗಿಸುವ ಕೇಂದ್ರವಾಯಿತು. ಬರಿದಾದ ಗೋಡೆಯೊಳಗೆ ಗಾಜಿನ ಗುಂಡನ್ನಿಟ್ಟು ಹೊಲಿದರೆ ಕುಳಿಯು ಗುಳಿಬೀಳದೆ ಕೃತಕ ಕಣ್ಣು ತಿರುಗಬಲ್ಲುದೆಂದು ಇಂಗ್ಲೆಂಡಿನ ಮ್ಯೂಲ್ಸನು ೧೮೮೫ರಲ್ಲಿ ತಿಳಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಗಾಜು ಹೊರದೇಶಗಳಿಗೆ ಬರುವುದು ನಿಂತುಹೋಗಲು, ಅಮೆರಿಕದ ಸೈನ್ಯದ ದಂತವೈದ್ಯ ಶಾಲೆಗಳವರು ಹಲ್ಲಿನ ಕಟ್ಟಿಗೆ ಬಳಸುವ ಅಕ್ರಿಲಿಕ್ ಎಂಬ ಪದಾರ್ಥದಿಂದ ಕಣ್ಣುಗಳನ್ನು ತಯಾರಿಸಿದರು. ಒಡೆಯದ, ಪ್ರತಿಯೊಬ್ಬನ ಕುಳಿಗೂ ಹೊಂದುವ ಈ ಕಣ್ಣುಗಳೇ ಆಮೇಲೆ ಹೆಚ್ಚಾಗಿ ಬಳಕೆಗೆ ಬಂದುವು.

ನಿರ್ದೋಷಿಯಾದ ಕಣ್ಣು ಏಕೆ ಕೆಡುವುದೆಂಬ ಪ್ರಶ್ನೆ ಮಾತ್ರ ಬಹುಕಾಲ ಬಗೆಹರಿಯಲಿಲ್ಲ. ವಿಯನ್ನಾ ನಗರದ ಅರ್ನ್‌ಸ್ಟ್ ಫುಕ್ಸನು ೧೯೦೫ರಲ್ಲಿ, ತೆಗೆದ ಕಣ್ಣುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಎರಡು ಕಣ್ಣುಗಳಲ್ಲಿಯೂ ರೋಗದ ರೂಪವೊಂದೇ ಎಂದು ಸ್ಥಾಪಿಸಿದನು. ೧೯೧೦ರ ಸುಮಾರಿಗೆ ಎಲ್ಶ್‌ನಿಗನು, ಗಾಯದಿಂದ ಹೊರಬಿದ್ದ ಕಣ್ಣಿನ ಕಪ್ಪು ಪದರದ ಪದಾರ್ಥವನ್ನು ದೇಹವು ಪರಕೀಯವೆಂದು ಭ್ರಮಿಸಿ ಅದರ ಮೇಲೆ ಎರಗುವುದೆಂಬ ವಾದವನ್ನು ಹೂಡಿದನು. ಕಣ್ಣಿನ ಒಳಗು ದೇಹದ ಕಾವಲುಗಾರ ಕಣಗಳಿಗೆ ಬಹುಮಟ್ಟಿಗೆ ಮರೆಯಾಗಿದೆ. ಗೋಡೆ ಒಡೆದು ಒಳಗಿನ ಗುಟ್ಟು ಹೊರಬಿದ್ದಾಗ ಆ ಕಾವಲುಗಾರರು ಅದನ್ನು ಶತ್ರುವೆಂದು ತಿಳಿದು, ಅಂಥದೇ ಪದಾರ್ಥವುಳ್ಳ ಇನ್ನೊಂದು ಕಣ್ಣಿಗೂ ಮುತ್ತಿಗೆ ಹಾಕುತ್ತಾರೆ. ಈ ವಿವರಣೆಯ ಸಾರವನ್ನು ಇಂದಿನ ಶಾಸ್ತ್ರವೂ ಒಪ್ಪುತ್ತದೆ. ಕಾರಣ ತಿಳಿದಂತೆ ಉಪಾಯವೂ ಬಂದಿತು. ೧೯೫೦ರ ದಶಕದಿಂದ ಕಾರ್ಟಿಸೋನ್ ಮತ್ತು ಅದರ ವರ್ಗದ ಔಷಧಗಳು ಈ ಉರಿಯನ್ನು ಅಡಗಿಸಿ, ಅನೇಕರ ಎರಡನೆಯ ಕಣ್ಣನ್ನು ಉಳಿಸಿವೆ.

ಹೀಗೆ ಕಣ್ಣು ತೆಗೆಯುವ ವಿದ್ಯೆಯು ಪಕ್ವವಾಗುತ್ತಿದ್ದಂತೆಯೇ ಅದನ್ನು ತೆಗೆಯದೆ ಇರುವ ವಿದ್ಯೆಯೂ ಬೆಳೆಯಿತು. ಕಬ್ಬಿಣದ ಚೂರು ನೆಟ್ಟ ಕಣ್ಣಿನಿಂದ ಚೂರನ್ನು ಮಾತ್ರ ಸೆಳೆಯುವ ವಿದ್ಯುದಯಸ್ಕಾಂತವನ್ನು ಬರ್ಲಿನ್ನಿನ ಹಿರ್ಷ್‌ಬರ್ಗನು ೧೮೭೯ರಲ್ಲಿ ಬಳಕೆಗೆ ತಂದನು. ಸೂಕ್ಷ್ಮವಾದ ಹೊಲಿಗೆಗಳಿಂದ ಒಡೆದ ಗೋಳವನ್ನೇ ಕೂಡಿಸುವ ಕೌಶಲ ಬಂದಿತು. ಕಣ್ಣಿನ ಕಪ್ಪು ಪದರದ ಅರ್ಬುದದಲ್ಲಿ ಕಣ್ಣನ್ನು ತೆಗೆಯುವುದರಿಂದಲೇ ರೋಗವು ಹರಡಬಹುದೆಂಬ ಸಂದೇಹವನ್ನು ಅಮೆರಿಕದ ಝಿಮ್ಮರ್‌ಮನ್ ಮತ್ತು ಸಂಗಡಿಗರು ೧೯೭೮ರಲ್ಲಿ ಎತ್ತಿದರು. ಆ ಚರ್ಚೆಯ ತರುವಾಯ ಉತ್ತರ ಅಮೆರಿಕದ ಅನೇಕ ಆಸ್ಪತ್ರೆಗಳು ಒಂದಾಗಿ ದೊಡ್ಡ ಪರೀಕ್ಷೆಯನ್ನು ನಡೆಸಿದುವು. ಮಧ್ಯಮ ಗಾತ್ರದ ಗೆಡ್ಡೆಯಿದ್ದ ೧,೩೧೭ ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಕಣ್ಣನ್ನು ತೆಗೆದು, ಉಳಿದವರಿಗೆ ಕಿರಣವನ್ನು ಸೂಸುವ ಸಣ್ಣ ಬಿಲ್ಲೆಯನ್ನು ಕಣ್ಣಿನ ಗೋಡೆಗೆ ಹೊಲಿದರು. ೨೦೦೧ರಲ್ಲಿ ಪ್ರಕಟವಾದ ಫಲದಂತೆ ಎರಡು ಗುಂಪುಗಳವರ ಆಯುಸ್ಸಿನಲ್ಲಿಯೂ ಗಣನೀಯವಾದ ಅಂತರವಿರಲಿಲ್ಲ. ಮಕ್ಕಳ ಗೆಡ್ಡೆಗೆ ೧೯೯೦ರ ದಶಕದಿಂದ ಔಷಧಗಳ ಚಿಕಿತ್ಸೆ ಪ್ರಬಲವಾಗಿ, ಹಿಂದೆ ತೆಗೆಯಲೇಬೇಕಾಗಿದ್ದ ಅನೇಕ ಕಣ್ಣುಗಳು ಉಳಿಯುತ್ತಿವೆ. ಆದರೂ ರೋಗವು ಮುಂದುವರಿದ ಮೇಲೆ ಬಂದ ಮಗುವಿಗೆ ಈಗಲೂ ನೇತ್ರೋತ್ಪಾಟನವೇ ಪ್ರಾಣರಕ್ಷಕವಾಗಿದೆ. ಮಗುವಿನ ಪಾಪೆಯಲ್ಲಿ ಬಿಳಿಯ ಹೊಳಪನ್ನಾಗಲಿ ಹೊಸದಾಗಿ ತೋರಿದ ಮೆಳ್ಳೆಯನ್ನಾಗಲಿ ಕಂಡ ಗೃಹಸ್ಥರು ಒಂದು ದಿನವೂ ತಡಮಾಡದೆ ನೇತ್ರವೈದ್ಯರಿಗೆ ತೋರಿಸುವುದು ಈ ಚರಿತ್ರೆಯಿಂದ ಕಲಿಯತಕ್ಕ ಮುಖ್ಯವಾದ ಪಾಠ.

ಬ್ರೈಲನು ಕುರುಡನಾದುದರಿಂದಲೇ ಲೋಕಕ್ಕೆ ಕುರುಡರ ಲಿಪಿ ದೊರೆಯಿತು, ಆದುದರಿಂದ ಆ ದಬ್ಬಳದ ಪೆಟ್ಟು ಒಂದು ವರವೇ ಸರಿ, ಎಂದು ಹೇಳುವವರುಂಟು. ೧೮೧೯ರಲ್ಲಿ ಪ್ಯಾರಿಸ್ಸಿನ ಅಂಧರ ಶಾಲೆಯನ್ನು ಸೇರಿದ ಆತನು ೧೮೨೪ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿ ೧೮೨೯ರಲ್ಲಿ ಪ್ರಕಟಿಸಿದನೆಂಬುದು ನಿಜ. ಅದರ ತಳಹದಿಯ ಮೇಲೆಯೇ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತೀ ಬ್ರೈಲ್ ೧೯೫೧ರಲ್ಲಿ ಅಂಗೀಕೃತವಾಗಿ, ಕನ್ನಡದ ಅಕ್ಷರಗಳೂ ಬೆರಳ ತುದಿಗೆ ಎಟುಕಿದುವು. ಆದರೆ ವಿಪತ್ತಿಗೆ ವಂದಿಸುವುದು ನ್ಯಾಯವಲ್ಲ. ಲಿಪಿಯು ಆತನ ಬುದ್ಧಿಯ ಫಲ, ಕುರುಡಿನ ಫಲವಲ್ಲ. ಅದೇ ವಿಪತ್ತಿನಿಂದ ಕಣ್ಣು ಕಳೆದುಕೊಂಡು, ಯಾವ ಶಾಲೆಯನ್ನೂ ಸೇರದೆ ಹೆಸರಿಲ್ಲದೆ ಹೋದ ಮಕ್ಕಳನ್ನು ಎಣಿಸಿದವರಾರು?

ತೆಗೆದ ಕಣ್ಣು ಎಸೆಯತಕ್ಕ ವಸ್ತುವೆಂಬ ಭಾವನೆಯೂ ಕೊನೆಗೆ ಅಳಿಯಿತು. ೧೯೦೫ನೆಯ ಡಿಸೆಂಬರ್ ೭ರಂದು ಮೊರಾವಿಯ ಪ್ರಾಂತದ ಓಲ್ಮ್ಯುಟ್ಸ್ ನಗರದಲ್ಲಿ ಎಡುವರ್ಡ್ ಝಿರ್ಮ್ ಎಂಬ ವೈದ್ಯನು, ಕಬ್ಬಿಣದ ಚೂರು ನೆಟ್ಟುದರಿಂದ ತೆಗೆಯಬೇಕಾಗಿ ಬಂದ ಹನ್ನೊಂದು ವರ್ಷದ ಹುಡುಗನೊಬ್ಬನ ಕಣ್ಣಿನ ಮುಂದಣ ಪಾರದರ್ಶಕ ಪಟಲವನ್ನು, ಸುಣ್ಣದಿಂದ ಸುಟ್ಟ ಕಣ್ಣುಳ್ಳ ಕೂಲಿಯವನೊಬ್ಬನಿಗೆ ಕಸಿಮಾಡಿದನು. ಆ ಕೂಲಿಯವನಿಗೆ ದೃಷ್ಟಿ ಮರಳಿತು. ಮನುಷ್ಯನಿಂದ ಮನುಷ್ಯನಿಗೆ ಮಾಡಿದ ಇಂಥ ಕಸಿಯಲ್ಲಿ ಪೂರ್ಣಪಟಲವು ಬಾಳಿದುದು ಅದೇ ಮೊದಲು. ಅಲ್ಲಿಂದ ಮುಂದೆ, ಬದುಕಿದವರಿಂದ ಕೇಳಲು ನಾಲಗೆ ಬಾರದ ಕಣ್ಣನ್ನು ತೀರಿಕೊಂಡವರ ಮನೆಯವರಿಂದ ಕೇಳುವ ಕಾಲ ಬಂದಿತು. ಮರಣಾನಂತರದ ನೇತ್ರದಾನದಲ್ಲಿ ಬಹುಕಾಲದಿಂದ ನಡೆದುಬಂದಿರುವ ಕ್ರಿಯೆಯೂ ಈ ನೇತ್ರೋತ್ಪಾಟನವೇ. ಪಟಲವನ್ನು ಮಾತ್ರ ತೆಗೆಯುವ ಕ್ರಮವೂ ಈಚೆಗೆ ರೂಢಿಯಲ್ಲಿದೆ.

ಕನ್ನಡನಾಡಿನಲ್ಲಿ ಈ ದಾನದ ಮಾತು ಮನೆಮನೆಗೆ ಮುಟ್ಟಿದುದು ಒಬ್ಬ ನಟನಿಂದ. ೧೯೫೪ರಲ್ಲಿ ಬೇಡರ ಕಣ್ಣಪ್ಪ ಎಂಬ ಚಲನಚಿತ್ರದಲ್ಲಿ ಕಣ್ಣಪ್ಪನ ಪಾತ್ರವನ್ನು ವಹಿಸಿ ನಾಯಕನಟನಾಗಿ ಕಾಲಿಟ್ಟ ರಾಜ್‌ಕುಮಾರ್ ಅವರು ೨೦೦೬ನೆಯ ಏಪ್ರಿಲ್ ೧೨ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. ೨೦೨೧ನೆಯ ಅಕ್ಟೋಬರ್ ೨೯ರಂದು ಅಕಾಲಮೃತ್ಯುವಿಗೆ ಈಡಾದ ಅವರ ಪುತ್ರ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳ ಪಟಲಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಕಸಿಮಾಡಲಾಯಿತು. ಕಾಣಿಕೆಯಾಗಿ ಕಣ್ಣು ಕೊಟ್ಟ ಕಣ್ಣಪ್ಪನ ಕಥೆಯನ್ನು ಕೇಳಿ ಬೆಳೆದ ಜನಕ್ಕೆ, ವೈದ್ಯನ ಕೈಯಲ್ಲಿ ಕಣ್ಣು ಕೊಡುವುದೂ ಅಂಥ ಕಾಣಿಕೆಯೇ ಆಗಬಲ್ಲುದೆಂಬುದು ಹೀಗೆ ಕಣ್ಣೆದುರಿಗೇ ತಿಳಿದುಬಂದಿತು.